ಕಾರು ಬಿದ್ದದ್ದು ಯಾರ ತಪ್ಪಿನಿಂದ? ರಟ್ಟಿನ ಹಾದಿ ಕಟ್ಟಿದ ಮೂವರು ಮಕ್ಕಳ ಪ್ರಕರಣ

ಆಟಿಕೆ ಕಾರಿಗೆ ಹಾದಿ ಕಟ್ಟುವ ಮಕ್ಕಳು ಇಳಿಜಾರು, ವೇಗ, ಘರ್ಷಣೆಗಳ ಬಗ್ಗೆ ಕಲಿಯುತ್ತಾರೆ ಎಂದರೆ ಎಲ್ಲರೂ ತಲೆದೂಗುತ್ತಾರೆ. ಅದು ನಿಜವೂ ಹೌದು. ಆದರೆ ಬೇಸಿಗೆ ರಜೆಯಲ್ಲಿ ಮಂಡ್ಯ ಜಿಲ್ಲೆಯ ಒಂದು ಹಳ್ಳಿಮನೆಯ ಜಗಲಿಯಲ್ಲಿ ಮೂವರು ಮಕ್ಕಳನ್ನು ಹತ್ತಿರದಿಂದ ನೋಡಿದಾಗ ಅದಕ್ಕಿಂತ ದೊಡ್ಡದೊಂದು ಕಲಿಕೆ ನನಗೆ ಕಂಡಿತು. ಕಾರು ಹಾದಿ ಬಿಟ್ಟು ಬಿದ್ದಾಗ ಅವರು ದೂರನ್ನು ಯಾರ ಮೇಲೆ, ಯಾವುದರ ಮೇಲೆ ಹೊರಿಸುತ್ತಿದ್ದರು ಎಂಬುದು ಬದಲಾಗುತ್ತಾ ಹೋಯಿತು. ಮೊದಲು ಜೊತೆಯವನ ಮೇಲೆ, ಆಮೇಲೆ ಕಾರಿನ ಮೇಲೆ, ಆಮೇಲೆ ಹಾದಿಯ ಮೇಲೆ, ಕೊನೆಗೆ ಹಾದಿಯಲ್ಲಿನ ಒಂದು ನಿರ್ದಿಷ್ಟ ಜಾಗದ ಮೇಲೆ. ಈ ದೂರಿನ ಪಯಣವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಪ್ರಾಥಮಿಕ ಶಾಲೆಯಲ್ಲಿ ಗಣಿತ, ವಿಜ್ಞಾನ ಕಲಿಸುತ್ತೇನೆ. ಆ ಮನೆ ನಮ್ಮ ಮನೆಯ ಪಕ್ಕದಲ್ಲೇ ಇದೆ. ಮಕ್ಕಳಲ್ಲಿ ಇಬ್ಬರು ಮೈಸೂರಿನಿಂದ ರಜೆಗೆಂದು ತಾತನ ಮನೆಗೆ ಬಂದವರು: ನಾಲ್ಕನೆಯ ತರಗತಿ ಮುಗಿಸಿದ ಹುಡುಗಿ ಮತ್ತು ಒಂದನೆಯ ತರಗತಿ ಮುಗಿಸಿದ ಅವಳ ತಮ್ಮ. ಮೂರನೆಯವನು ಎದುರು ಮನೆಯ ಹುಡುಗ, ಈಗ ಮೂರನೆಯ ತರಗತಿ ದಾಟಿದವನು. ಹುಡುಗರಿಬ್ಬರಿಗೂ ಅವಳು ಅಕ್ಕ. ಇಲ್ಲಿಯೂ ಅವಳನ್ನು ಹಾಗೆಯೇ ಕರೆಯುತ್ತೇನೆ.

ಸಾಮಗ್ರಿ ದುಬಾರಿಯದೇನಲ್ಲ. ಅಂಗಡಿಯಿಂದ ಕೇಳಿ ತಂದ ರಟ್ಟಿನ ಪೆಟ್ಟಿಗೆಗಳು, ಕತ್ತರಿ, ಗಮ್ ಟೇಪು, ಒಂದು ಸ್ಟೂಲು, ಹಿತ್ತಲಿನಲ್ಲಿ ಬಿದ್ದಿದ್ದ ಇಟ್ಟಿಗೆಗಳು. ಕಾರುಗಳು ಎಲ್ಲ ಮನೆಗಳಲ್ಲೂ ಇರುವ ಪುಟ್ಟ ಲೋಹದವು, ಸುಮಾರು ಏಳು ಸೆಂಟಿಮೀಟರ್ ಉದ್ದ, ಮೂರು ಸೆಂಟಿಮೀಟರ್ ಅಗಲ. ಜೊತೆಗೆ ಜಾತ್ರೆಯಲ್ಲಿ ಕೊಂಡ ಒಂದೆರಡು ಪ್ಲಾಸ್ಟಿಕ್ ಕಾರುಗಳು. ಅಗಲವಾದ ಪಟ್ಟಿಗಳನ್ನು ಕತ್ತರಿಸಿ, ಎರಡು ಅಂಚುಗಳನ್ನು ಮೇಲಕ್ಕೆ ಮಡಿಸಿದರೆ ಹಾದಿ ಸಿದ್ಧ.

ತಳ್ಳಿದವನ ಮೇಲೆ ದೂರು

ಮೊದಲು ಕಟ್ಟಿದ್ದು ನೇರ ಇಳಿಜಾರು. ಒಂದು ತುದಿ ಸ್ಟೂಲಿನ ಮೇಲೆ, ಇನ್ನೊಂದು ನೆಲದ ಮೇಲೆ, ನಡುವೆ ಮೂರು ಪಟ್ಟಿಗಳ ಜೋಡಣೆ. ಮೇಲಿನಿಂದ ಬಿಟ್ಟ ಕಾರು ಎರಡನೆಯ ಪಟ್ಟಿಯನ್ನು ಮುಟ್ಟುತ್ತಲೇ ಪಲ್ಟಿಯಾಯಿತು. ಎದುರು ಮನೆಯ ಹುಡುಗ ತಕ್ಷಣ ತಮ್ಮನ ಕಡೆ ತಿರುಗಿ, "ನೀನು ಓರೆಯಾಗಿ ತಳ್ಳಿದೆ" ಎಂದ. "ನಾನು ತಳ್ಳಲೇ ಇಲ್ಲ, ಸುಮ್ಮನೆ ಬಿಟ್ಟೆ" ಎಂದು ಇವನು. ಮುಂದಿನ ಸಲ ಎದುರು ಮನೆಯವನೇ ಬಿಟ್ಟ. ಕಾರು ಮತ್ತೆ ಬಿತ್ತು. ಈಗ ತಮ್ಮನ ಸರದಿ: "ಅಕ್ಕಾ, ಇವನು ಜೋರಾಗಿ ತಳ್ಳಿದ."

ಜಗಳ ಬಿಡಿಸಲು ಅಕ್ಕ ಒಂದು ಉಪಾಯ ಮಾಡಿದಳು. ಹಾದಿಯ ಮೇಲ್ತುದಿಯಲ್ಲಿ ಸ್ಕೇಲನ್ನು ಅಡ್ಡವಾಗಿ ಹಿಡಿದಳು. ಕಾರು ಸ್ಕೇಲಿಗೆ ತಾಗಿ ನಿಂತಿತು. ಸ್ಕೇಲನ್ನು ಎತ್ತಿದರೆ ಕಾರು ತಾನಾಗಿ ಹೊರಡುತ್ತದೆ, ಯಾರ ಕೈಯೂ ಅದನ್ನು ಮುಟ್ಟುವುದಿಲ್ಲ. "ಇನ್ನು ಮೇಲೆ ಯಾರೂ ತಳ್ಳುವ ಹಾಗಿಲ್ಲ" ಎಂದು ನಿಯಮ ಮಾಡಿದಳು.

ಪ್ರಯೋಗವೊಂದರಲ್ಲಿ ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನೆಲ್ಲ ಇದ್ದ ಹಾಗೆಯೇ ಇಡಬೇಕು ಎಂಬುದನ್ನು ಏಳನೆಯ ತರಗತಿಯವರಿಗೆ ಮನದಟ್ಟು ಮಾಡಿಸುವುದೂ ಸುಲಭವಲ್ಲ ಎಂದು ಮೇಷ್ಟ್ರುಗಳಿಗೆಲ್ಲ ಗೊತ್ತು. ಇಲ್ಲಿ ಅದು ಪಾಠದಿಂದ ಬರಲಿಲ್ಲ. ಆಟದಲ್ಲಿ ಮೋಸ ಇರಬಾರದು ಎಂಬ ಮಕ್ಕಳ ನ್ಯಾಯದಿಂದ ಬಂತು. ಆ ನ್ಯಾಯಬುದ್ಧಿ ಎಂಟು ವರ್ಷದೊಳಗೇ ಗಟ್ಟಿಯಾಗಿರುತ್ತದೆ. ವಿಜ್ಞಾನ ಕಲಿಸುವ ನಾವು ಅದನ್ನು ಇನ್ನಷ್ಟು ಬಳಸಿಕೊಳ್ಳಬೇಕು.

ಒಂದೇ ಜಾಗದಲ್ಲಿ ಬೀಳುವ ಬೇರೆ ಬೇರೆ ಕಾರುಗಳು

ಸ್ಕೇಲಿನ ನಿಯಮ ಬಂದ ಮೇಲೂ ಕಾರು ಬಿತ್ತು. ಈಗ ಮನುಷ್ಯರನ್ನು ದೂರುವಂತಿಲ್ಲ. ದೂರು ಕಾರಿಗೆ ಹೋಯಿತು. "ಇದರ ಚಕ್ರ ಸರಿ ಇಲ್ಲ" ಎಂದು ಕೆಂಪು ಕಾರನ್ನು ಬದಿಗಿಟ್ಟು ನೀಲಿಯದನ್ನು ತಂದರು. ಅದೂ ಬಿತ್ತು. ಹಳದಿಯದು ಬಿತ್ತು. ಎದುರು ಮನೆಯ ಹುಡುಗ ಬೇಸರದಿಂದ, "ಎಲ್ಲ ಕಾರುಗಳೂ ಕೆಟ್ಟುಹೋಗಿವೆ" ಎಂದುಬಿಟ್ಟ.

ಅಕ್ಕ ಅಷ್ಟು ಹೊತ್ತಿಗೆ ಒಂದು ಸೀಮೆಸುಣ್ಣ ತಂದು, ಪ್ರತಿ ಕಾರು ಬಿದ್ದ ಕಡೆ ರಟ್ಟಿನ ಮೇಲೆ ಗೆರೆ ಎಳೆಯುತ್ತಿದ್ದಳು. ಯಾಕೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಗೆರೆಗಳೆಲ್ಲ ಒಂದರ ಮೇಲೊಂದು ಬಂದಾಗ ಅವಳು ನಿಧಾನವಾಗಿ ಹೇಳಿದಳು: "ಕಾರುಗಳು ಬೇರೆ ಬೇರೆ, ಬೀಳುವ ಜಾಗ ಒಂದೇ. ಹಾಗಾದರೆ ಕೆಟ್ಟಿರುವುದು ಜಾಗ."

ಈ ಪ್ರಕರಣದಲ್ಲಿ ನಾನು ಅತಿ ಹೆಚ್ಚು ಬೆಲೆ ಕೊಡುವುದು ಈ ಮಾತಿಗೆ. ಮೋಟಾರು ರಿಪೇರಿ ಮಾಡುವವರು, ಕರೆಂಟಿನ ಕೆಲಸದವರು, ವೈದ್ಯರು ದಿನವೂ ಮಾಡುವ ಯೋಚನೆ ಇದು. ಬಲ್ಬು ಬದಲಿಸಿದರೂ ಬೆಳಕು ಬಾರದಿದ್ದರೆ ಹೋಲ್ಡರನ್ನು ನೋಡಬೇಕು. ತೊಂದರೆ ವಸ್ತುವಿನ ಜೊತೆ ಓಡಾಡುತ್ತದೆಯೋ, ಜಾಗಕ್ಕೆ ಅಂಟಿಕೊಂಡಿದೆಯೋ ಎಂದು ಬಿಡಿಸಿ ನೋಡುವುದೇ ಅದರ ತಿರುಳು.

ಸ್ವಲ್ಪ ಹೊತ್ತಿನಲ್ಲೇ ಇದರ ಮತ್ತೊಂದು ಮುಖವೂ ಎದುರಾಯಿತು. ಒಂದು ಪ್ಲಾಸ್ಟಿಕ್ ಕಾರು ಪ್ರತಿ ಸಲವೂ ಎಡ ಅಂಚಿಗೆ ಉಜ್ಜಿಕೊಂಡು ನಿಲ್ಲುತ್ತಿತ್ತು, ಅದೂ ಬೇರೆ ಬೇರೆ ಜಾಗಗಳಲ್ಲಿ. ತಮ್ಮ ಅದನ್ನು ಜಗಲಿಯ ಬರಿನೆಲದ ಮೇಲೆ ಬಿಟ್ಟು ನೋಡಿದ. ಅಲ್ಲಿಯೂ ಎಡಕ್ಕೇ ಎಳೆಯಿತು. "ಅಕ್ಕಾ, ಇದು ಮಾತ್ರ ಕಾರಿನ ತಪ್ಪು" ಎಂದ. ಮಗುಚಿ ನೋಡಿದರೆ ಮುಂದಿನ ಚಕ್ರಗಳ ಕಂಬಿ ಬಾಗಿತ್ತು. ಅಕ್ಕ ಆಡಿದ ಮಾತನ್ನು ಅವನು ಬಾಯಿಪಾಠ ಮಾಡಿರಲಿಲ್ಲ; ಅರ್ಥ ಮಾಡಿಕೊಂಡು ತಿರುಗಿಸಿ ಬಳಸಿದ್ದ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಆಟ ಶುರುವಾದಾಗ ಹುಡುಗರಿಬ್ಬರೂ ಕಾರು ಬಿಡುವ ಕೆಲಸವನ್ನು ತಾವೇ ಹಿಡಿದುಕೊಂಡು, ಅಕ್ಕನಿಗೆ ಟೇಪು ಹರಿದುಕೊಡುವ, ರಟ್ಟಿಗೆ ಬಣ್ಣ ಬಳಿಯುವ ಕೆಲಸ ಒಪ್ಪಿಸಿದ್ದರು. ಮೈಸೂರಿನ ಮನೆಯಲ್ಲಿಯೂ ಕಾರುಗಳೆಲ್ಲ ತಮ್ಮನವೇ, ಅವಳಿಗೆ ಅಡುಗೆ ಸಾಮಾನಿನ ಸೆಟ್ಟು. ಬದಿಯಲ್ಲಿ ಕುಳಿತು ನೋಡುವ ಕೆಲಸವೇ ಅವಳಿಗೆ ಸೀಮೆಸುಣ್ಣ ಹಿಡಿಯುವ ಅವಕಾಶ ಕೊಟ್ಟಿತು ಎಂದು ಸಮಾಧಾನ ಹೇಳಿಕೊಳ್ಳಲು ನನಗೆ ಮನಸ್ಸಿಲ್ಲ. ಹೆಣ್ಣುಮಕ್ಕಳ ಕೈಗೂ ಕಾರು, ಇಟ್ಟಿಗೆ, ಕತ್ತರಿ ಸಿಗಬೇಕು. ಕೇಳಿದ ಮೇಲಲ್ಲ, ಮೊದಲೇ.

ಹೆಂಚಿನ ನಿಯಮ, ಮತ್ತು ಅದು ಸೋತ ಕಡೆ

ಜಾಗ ಕೆಟ್ಟಿದೆ, ಸರಿ. ಏನು ಕೆಟ್ಟಿದೆ? ಟೇಪು ಸುಕ್ಕಾಗಿದೆ ಎಂದುಕೊಂಡು ಕಿತ್ತು ಹೊಸದಾಗಿ ಅಂಟಿಸಿದರು. ಪ್ರಯೋಜನವಾಗಲಿಲ್ಲ. ಕಂಡುಹಿಡಿದವನು ಎಲ್ಲರಿಗಿಂತ ಚಿಕ್ಕವನು. ನೆಲಕ್ಕೆ ಕೆನ್ನೆ ಒತ್ತಿ ಮಲಗಿ, ಹಾದಿಯನ್ನು ಕಾರಿನ ಮಟ್ಟದಿಂದ ನೋಡಿ, "ಇಲ್ಲಿ ಒಂದು ಮೆಟ್ಟಿಲು ಇದೆ" ಎಂದು ಕೂಗಿದ. ಎರಡನೆಯ ಪಟ್ಟಿಯ ತುದಿ ಮೊದಲನೆಯದರ ಮೇಲೆ ಕುಳಿತಿತ್ತು. ರಟ್ಟಿನ ದಪ್ಪ ಮೂರು ಮಿಲಿಮೀಟರ್ ಇದ್ದೀತು. ನಮ್ಮ ಕಣ್ಣಿಗೆ ಅದು ಏನೂ ಅಲ್ಲ. ಒಂದು ಸೆಂಟಿಮೀಟರ್ ಎತ್ತರದ ಚಕ್ರಕ್ಕೆ ಅದು ಗೋಡೆ.

ಗದ್ದೆಯಿಂದ ಆಗಷ್ಟೇ ಬಂದ ತಾತ ಕಾಲು ತೊಳೆಯುತ್ತಾ ಇದನ್ನೆಲ್ಲ ನೋಡುತ್ತಿದ್ದರು. ಅವರು ಹಾದಿಯನ್ನು ಮುಟ್ಟಲಿಲ್ಲ. "ಕೊಟ್ಟಿಗೆಯ ಸೂರಿಗೆ ಹೆಂಚು ಹೇಗೆ ಹೊದಿಸಿದ್ದಾರೆ, ಹೋಗಿ ನೋಡಿಕೊಂಡು ಬನ್ನಿ" ಎಂದಷ್ಟೇ ಹೇಳಿದರು. ಮಕ್ಕಳು ಓಡಿದರು. ಮೇಲಿನ ಸಾಲಿನ ಹೆಂಚು ಕೆಳಗಿನದರ ಮೇಲೆ ಕೂರುತ್ತದೆ. ಹಾಗಾಗಿ ಮಳೆನೀರು ಎಲ್ಲೂ ತಡೆಯದೆ ಇಳಿಯುತ್ತದೆ. ವಾಪಸ್ ಬಂದು ಪಟ್ಟಿಗಳನ್ನು ಹಾಗೆಯೇ ಜೋಡಿಸಿದರು. ಕಾರು ಜಗಲಿಯ ಕೊನೆಯವರೆಗೂ ಓಡಿತು.

ನಿಯಮ ಸಿಕ್ಕಿತು: ಮೇಲಿನದು ಮೇಲೆ. ಇಲ್ಲಿಗೇ ಆಟ ನಿಂತಿದ್ದರೆ ಅರ್ಧ ಸತ್ಯವೊಂದು ಅವರ ತಲೆಯಲ್ಲಿ ಗಟ್ಟಿಯಾಗುತ್ತಿತ್ತು. ಮರುದಿನ ಹಾದಿಗೆ ದಿಬ್ಬ ಸೇರಿಸಿದರು. ಇಟ್ಟಿಗೆಗಳ ಮೇಲೆ ಹಾದಿ ಏರಿ ಮತ್ತೆ ಇಳಿಯಬೇಕು. ಏರುವ ಕಡೆಯೂ ಅದೇ ನಿಯಮದಂತೆ ಮೇಲಿನ ಪಟ್ಟಿಯನ್ನು ಮೇಲಿಟ್ಟರು. ಕಾರು ಅಲ್ಲಿಗೆ ಬಂದು ಎಡವಿತು. ಹೆಂಚಿನ ಹಾಗೆಯೇ ಇದೆ, ಆದರೂ ಬೀಳುತ್ತಿದೆ! ಬಹಳ ಹೊತ್ತು ಮೂವರೂ ಕುಳಿತರು. ಎದುರು ಮನೆಯ ಹುಡುಗ ಕಾರನ್ನು ಕೈಯಲ್ಲಿ ಹಿಡಿದು ಹಾದಿಯುದ್ದಕ್ಕೂ ಮೆಲ್ಲಗೆ ನಡೆಸಿಕೊಂಡು ಹೋದ. ಏರಿನ ಜೋಡಣೆಯಲ್ಲಿ ಚಕ್ರ ತಡೆಯಿತು. "ಮೇಲೆ ಕೆಳಗೆ ಅಲ್ಲ, ಕಾರು ಮೊದಲು ಹಾಯುವ ಪಟ್ಟಿ ಮೇಲಿರಬೇಕು" ಎಂದ. ಹೊಸ ನಿಯಮ ಹಳೆಯದನ್ನೂ ಒಳಗೊಳ್ಳುತ್ತದೆ, ಹಳೆಯದು ಸೋತ ಕಡೆಯೂ ನಿಲ್ಲುತ್ತದೆ. ನೀರು ಇಳಿಯುವುದಷ್ಟೇ, ಕಾರು ಏರಲೂಬಲ್ಲದು. ಹೆಂಚಿಗೂ ಹಾದಿಗೂ ಇರುವ ಆ ವ್ಯತ್ಯಾಸವನ್ನು ಅವರು ಹಾದಿಯಿಂದಲೇ ಕಲಿತರು.

ತಿರುವು

ಅತಿ ಹೆಚ್ಚು ಸಮಯ ಹಿಡಿದದ್ದು ತಿರುವು. ರಟ್ಟನ್ನು ಅಡ್ಡಕ್ಕೆ ಬಾಗಿಸಲಾಗುವುದಿಲ್ಲ. ಅರ್ಧಚಂದ್ರಾಕಾರದಲ್ಲಿ ಕತ್ತರಿಸಿ, ಹೊರ ಅಂಚಿಗೆ ಬೇರೆ ಪಟ್ಟಿಯನ್ನು ಗೋಡೆಯಾಗಿ ನಿಲ್ಲಿಸಬೇಕು. ಕೆಲವು ಪಟ್ಟಿಗಳು ನಯವಾಗಿ ಬಾಗಿದವು, ಕೆಲವು ಲಟಕ್ಕೆಂದು ಮುರಿದವು. ರಟ್ಟಿನ ಒಳಗೆ ಅಲೆ ಅಲೆಯಾದ ಕಾಗದದ ಪದರ ಇರುತ್ತದಲ್ಲ, ಆ ಅಲೆಗಳ ಗೆರೆ ಪಟ್ಟಿಗೆ ಅಡ್ಡವಾಗಿದ್ದರೆ ಪಟ್ಟಿ ಸುಲಭವಾಗಿ ಬಾಗುತ್ತದೆ. ಉದ್ದಕ್ಕೆ ಇದ್ದರೆ ಬಿಗಿಯಾಗಿ ನಿಲ್ಲುತ್ತದೆ. ಇದನ್ನು ಮುರಿದ ತುಂಡುಗಳ ಅಂಚು ನೋಡಿಯೇ ತಿಳಿದುಕೊಂಡರು. ಆಮೇಲೆ ಗೋಡೆಗೆ ಒಂದು ಬಗೆ, ಸೇತುವೆಗೆ ಇನ್ನೊಂದು ಬಗೆ ಎಂದು ಕತ್ತರಿಸತೊಡಗಿದರು.

ಮೊದಲ ನಕ್ಷೆಯಲ್ಲಿ ಸ್ಟೂಲಿನಿಂದ ಇಳಿದ ಕಾರು ನೆಲದ ಮೇಲಿನ ತಿರುವನ್ನು ದಾಟಿ ದಿಬ್ಬ ಹತ್ತಬೇಕಿತ್ತು. ತಿರುವಿನಲ್ಲೇ ಗೋಡೆ ಹಾರಿ ಹೊರಗೆ ಬಿತ್ತು. ವೇಗ ಹೆಚ್ಚಾಯಿತು ಎಂದು ಮೂವರೂ ಒಪ್ಪಿ, ಸ್ಟೂಲಿನ ಬದಲು ಕಡಿಮೆ ಎತ್ತರದಿಂದ ಬಿಟ್ಟರು. ತಿರುವು ದಾಟಿತು, ದಿಬ್ಬ ಹತ್ತಲಿಲ್ಲ. ದಿಬ್ಬಕ್ಕೆ ಎತ್ತರ ಬೇಕು, ತಿರುವಿಗೆ ಬೇಡ. ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತದೆ. ರಸ್ತೆ, ನಾಲೆ, ಸೇತುವೆ ಕಟ್ಟುವವರ ಪಾಡೆಲ್ಲ ಇದೇ. ಏಳು ವರ್ಷದ ಮಗು ಅದನ್ನು ಕೈಯಾರೆ ಅನುಭವಿಸುವ ಇಂಥ ಆಟಗಳು ಬಹಳ ಇಲ್ಲ.

ಅಕ್ಕನಿಗೆ ಚಾಮುಂಡಿ ಬೆಟ್ಟದ ಬಸ್ಸು ನೆನಪಾಯಿತು. "ಬಸ್ಸು ತಿರುವಿಗೆ ಬರುವ ಮೊದಲೇ ನಿಧಾನವಾಗುತ್ತದೆ. ನಮ್ಮ ಕಾರಿಗೆ ಬ್ರೇಕ್ ಇಲ್ಲ. ದಿಬ್ಬವೇ ಬ್ರೇಕ್ ಆಗಲಿ" ಎಂದಳು. ದಿಬ್ಬವನ್ನು ಮೊದಲು, ತಿರುವನ್ನು ಆಮೇಲೆ ಇಟ್ಟರು. ಕಾರು ದಿಬ್ಬದ ತಲೆಯಲ್ಲಿ ನಿಧಾನವಾಯಿತು, ಇಳಿಯಿತು, ನೆಲದ ತಿರುವಿನಲ್ಲಿ ಮೊದಲಿನಷ್ಟೇ ಜೋರಾಗಿ ಹಾರಿತು. ಇಳಿಯುವಾಗ ಹೋದ ವೇಗವೆಲ್ಲ ವಾಪಸ್ ಬಂದಿತ್ತು. "ನಿಧಾನವಾಗಿರುವುದು ಮೇಲಿರುವಾಗ ಮಾತ್ರ" ಎಂದು ತಮ್ಮ ಹೇಳಿದ ಮೇಲೆ ಉಳಿದದ್ದು ಒಂದೇ ದಾರಿ: ತಿರುವನ್ನೇ ದಿಬ್ಬದ ಮೇಲೆ ಕೂರಿಸುವುದು. ನಾಲ್ಕು ಇಟ್ಟಿಗೆಗಳ ಮೇಲೆ ತಿರುವು ನಿಂತಿತು. ಕಾರು ಏರಿ, ಮೆಲ್ಲಗೆ ತಿರುಗಿ, ಇನ್ನೊಂದು ಕಡೆ ಇಳಿಯಿತು.

ಲೆಕ್ಕವೂ ಇದನ್ನೇ ಹೇಳುತ್ತದೆ. ಸ್ಟೂಲಿನ ಎತ್ತರ 45 ಸೆಂಟಿಮೀಟರ್. ಘರ್ಷಣೆ ಇಲ್ಲವೆಂದುಕೊಂಡರೆ ನೆಲ ಮುಟ್ಟುವಾಗ ಕಾರಿನ ವೇಗ ಸೆಕೆಂಡಿಗೆ ಸುಮಾರು 3 ಮೀಟರ್. ನಾಲ್ಕು ಇಟ್ಟಿಗೆ, ಅಂದರೆ ಸುಮಾರು 30 ಸೆಂಟಿಮೀಟರ್ ಎತ್ತರದಲ್ಲಿ ಅದು 1.7 ಮೀಟರಿಗೆ ಇಳಿಯುತ್ತದೆ. ತಿರುವಿನಲ್ಲಿ ಕಾರನ್ನು ಒಳಕ್ಕೆ ಹಿಡಿದಿಡಲು ಬೇಕಾದ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ದಿಬ್ಬದ ಮೇಲೆ ಅದರ ಮೂರನೆಯ ಒಂದು ಭಾಗ ಸಾಕು. ಈ ಅಂಕಿಗಳನ್ನು ಮಕ್ಕಳಿಗೆ ಹೇಳಲಿಲ್ಲ. ಪ್ರೌಢಶಾಲೆಗೆ ಹೋದಾಗ ಶಕ್ತಿಯ ಸಂರಕ್ಷಣೆ ಎಂಬ ಪಾಠ ಬರುತ್ತದೆ. ಆಗ ಅದು ಅಂಟಿಕೊಳ್ಳಲು ಒಂದು ಜಾಗ ಅವರಲ್ಲಿ ಈಗಾಗಲೇ ಇರುತ್ತದೆ.

ಅಳತೆಯ ಜಗಳ

ಯಾರ ಕಾರು ಹೆಚ್ಚು ದೂರ ಹೋಯಿತು ಎಂಬ ಪ್ರಶ್ನೆಗೆ ಗೇಣು ಹಾಕಿ ಅಳೆದರು. ಅಕ್ಕನಿಗೆ ಬಂದದ್ದು ತಮ್ಮನಿಗೆ ಬಂದದ್ದಕ್ಕಿಂತ ಕಡಿಮೆ. "ನನ್ನದೇ ಜಾಸ್ತಿ" ಎಂದು ತಮ್ಮ ಕುಣಿದ. ಚಿಕ್ಕ ಕೈಯಲ್ಲಿ ಗೇಣುಗಳು ಹೆಚ್ಚಾಗುತ್ತವೆ ಎಂದು ಅವನಿಗೆ ತಿಳಿಯಲು ಅಜ್ಜಿಯ ಕೈಯೂ ಬೇಕಾಯಿತು. ಕೊನೆಗೆ ಒಬ್ಬರ ಗೇಣೇ ಎಲ್ಲರಿಗೂ ಎಂದಾಯಿತು, ಆಮೇಲೆ ಅಳತೆ ಟೇಪು ಬಂತು.

ಕಾಲ ಅಳೆಯುವುದು ಇನ್ನೂ ಕಷ್ಟ. ಮೊಬೈಲಿನ ಸ್ಟಾಪ್‌ವಾಚ್ ಪ್ರತಿ ಸಲ ಬೇರೆ ಬೇರೆ ಅಂಕಿ ತೋರಿಸಿತು. ಕಾರು ಇಳಿಯಲು ಒಂದು ಸೆಕೆಂಡಿನ ಆಸುಪಾಸು ಸಾಕು. ಕಣ್ಣು ನೋಡಿ ಬೆರಳು ಒತ್ತುವುದಕ್ಕೇ ಅದರ ಐದನೆಯ ಒಂದು ಭಾಗ ಬೇಕು. ಹದಿನೇಳನೆಯ ಶತಮಾನದಲ್ಲಿ ಗೆಲಿಲಿಯೊ ಮರದ ತೋಡಿನಲ್ಲಿ ಕಂಚಿನ ಗುಂಡು ಉರುಳಿಸಿದಾಗಲೂ ಇದೇ ತೊಡಕಿತ್ತು. ಪಾತ್ರೆಯಿಂದ ಸಣ್ಣ ಧಾರೆಯಾಗಿ ಸುರಿದ ನೀರನ್ನು ತೂಗಿ ಅವನು ಕಾಲವನ್ನು ಅಳೆದ. ನಾವು ಮೊಬೈಲಿನಲ್ಲಿ ವಿಡಿಯೊ ತೆಗೆದು ಒಂದೊಂದೇ ಚಿತ್ರವಾಗಿ ನಿಲ್ಲಿಸಿ ನೋಡಿದೆವು. ಸಮಾನ ಕಾಲದ ಚಿತ್ರಗಳಲ್ಲಿ ಕಾರಿನ ಜಿಗಿತ ಕೆಳಗೆ ಬಂದಂತೆ ದೊಡ್ಡದಾಗುತ್ತಾ ಹೋಗುವುದನ್ನು ಮಕ್ಕಳು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು.

ತಮ್ಮನಲ್ಲಿ ಇನ್ನೊಂದನ್ನು ಗಮನಿಸಿದೆ. ಉದ್ದದ ಹಾದಿ, ಗಿಡ್ಡ ಹಾದಿ ಎರಡರಲ್ಲಿ ಒಟ್ಟಿಗೆ ಹೊರಟ ಕಾರುಗಳು ಒಟ್ಟಿಗೇ ಮುಗಿಸಿದಾಗ "ಎರಡೂ ಒಂದೇ ವೇಗ" ಎಂದ. ಐನ್‌ಸ್ಟೈನ್ 1928ರಲ್ಲಿ ಕೇಳಿದ ಪ್ರಶ್ನೆಗಳಿಂದ ಪ್ರೇರಿತರಾಗಿ ಸ್ವಿಸ್ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಮಕ್ಕಳ ವೇಗದ ಕಲ್ಪನೆಯನ್ನು ಅಧ್ಯಯನ ಮಾಡಿದಾಗ ಕಂಡದ್ದೂ ಇದೇ: ಚಿಕ್ಕ ಮಕ್ಕಳು ಯಾರು ಮೊದಲು ಮುಟ್ಟಿದರು ಎಂಬುದನ್ನು ನೋಡುತ್ತಾರೆ, ಎಷ್ಟು ದೂರ ಕ್ರಮಿಸಿದರು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಕ್ಕ ತಿದ್ದಿದಳು, ಅವನು ಒಪ್ಪಲಿಲ್ಲ. ಒತ್ತಾಯಿಸುವ ಅಗತ್ಯವೂ ಇಲ್ಲ. ಆ ವಯಸ್ಸಿಗೆ ಅದು ಸಹಜ.

ಕೊಂಡು ತಂದ ಹಾದಿ

ಎದುರು ಮನೆಯ ಹುಡುಗನ ಅಪ್ಪ ಮಂಡ್ಯದಿಂದ ಪ್ಲಾಸ್ಟಿಕ್ ಹಾದಿಯ ಸೆಟ್ಟು ತಂದುಕೊಟ್ಟರು. ತುಂಡುಗಳು ಟಕ್ಕೆಂದು ಸೇರುತ್ತವೆ, ಕಾರು ಬೀಳುವುದೇ ಇಲ್ಲ. ಒಂದು ಸಂಜೆ ಸಂಭ್ರಮ. ಮರುದಿನ ಅದರಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ಕೆಡದ ವಸ್ತು ದೂರಿಗೆ ಎಡೆ ಕೊಡುವುದಿಲ್ಲ, ಹುಡುಕಾಟಕ್ಕೂ ಕೊಡುವುದಿಲ್ಲ.

ಆದರೂ ಅದನ್ನು ನಾನು ತಳ್ಳಿಹಾಕುವುದಿಲ್ಲ. ಅದರಲ್ಲಿದ್ದ ಪೂರ್ಣ ಸುತ್ತು, ಕಾರು ತಲೆಕೆಳಗಾಗಿ ಹಾಯುವ ಭಾಗ, ರಟ್ಟಿನಲ್ಲಿ ಮಾಡಲಾಗದ್ದು. ಮಕ್ಕಳು ಅದನ್ನು ಬಿಚ್ಚಿ ತಮ್ಮ ಹಾದಿಗೆ ಸೇರಿಸಿಕೊಂಡರು. ಎಷ್ಟು ಎತ್ತರದಿಂದ ಬಿಟ್ಟರೆ ಕಾರು ಸುತ್ತನ್ನು ದಾಟೀತು? ಘರ್ಷಣೆಯಿಲ್ಲದಿದ್ದರೆ ಸುತ್ತಿನ ತ್ರಿಜ್ಯದ ಎರಡೂವರೆ ಪಟ್ಟು ಸಾಕು. ಈ ಸುತ್ತಿನ ತ್ರಿಜ್ಯ 12 ಸೆಂಟಿಮೀಟರ್ ಇದ್ದುದರಿಂದ 30 ಸೆಂಟಿಮೀಟರ್. ನಾಲ್ಕು ಇಟ್ಟಿಗೆಯಿಂದ ಬಿಟ್ಟ ಕಾರು ತುದಿ ತಲುಪುವಷ್ಟರಲ್ಲಿ ಕಳಚಿ ಬಿತ್ತು, ಸ್ಟೂಲಿನಿಂದ ಬಿಟ್ಟದ್ದು ದಾಟಿತು. ನಡುವಿನ ಅಂತರವನ್ನು ತಿಂದದ್ದು ಘರ್ಷಣೆ. ಈ ಸಲ ಯಾರೂ ಕಾರನ್ನಾಗಲಿ ಜೊತೆಯವರನ್ನಾಗಲಿ ದೂರಲಿಲ್ಲ. ಬಿದ್ದ ಕೂಡಲೇ ಎದುರು ಮನೆಯ ಹುಡುಗ, "ಎಲ್ಲಿ ಬಿತ್ತು?" ಎಂದು ಕೇಳಿದ.

ದೊಡ್ಡವರ ಪಾಲು

ತಾತ ಮಾಡಿದ್ದನ್ನು ಮತ್ತೆ ನೆನೆಯುತ್ತೇನೆ. ಅವರು ಉತ್ತರ ಹೇಳಲಿಲ್ಲ, ನೋಡಬೇಕಾದ ಕಡೆ ತೋರಿಸಿದರು. ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು ಪಂಪಿನ ಹಂಗಿಲ್ಲದೆ ಇಳಿಜಾರಿನಿಂದಲೇ ಗದ್ದೆಗೆ ಬರುವ ಸೀಮೆಯಲ್ಲಿ, ನೀರು ಹಾಯಿಸುವ ರೈತರಿಗೆ ಮಟ್ಟದ ವಿಚಾರ ಚೆನ್ನಾಗಿ ಗೊತ್ತು. ಗಾರೆ ಕೆಲಸದವರ ಬಳಿ ರಸಮಟ್ಟ ಇರುತ್ತದೆ. ಶಾಲೆಯ ಹೊರಗೆ ಇಷ್ಟು ತಿಳಿದವರು ಇರುವಾಗ ಶಾಲೆ ಅವರನ್ನು ಕರೆಯದಿರುವುದು ನಷ್ಟ.

ಬೇರೆ ಬೇರೆ ವಯಸ್ಸಿನವರು ಕೂಡಿದ್ದರಿಂದಲೂ ಲಾಭವಾಯಿತು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾದ ನಲಿ-ಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕಾ ಪದ್ಧತಿ, ಒಂದರಿಂದ ಮೂರನೆಯ ತರಗತಿಯವರನ್ನು ಒಟ್ಟಿಗೆ ಕೂರಿಸಿದ್ದು ಈ ನಂಬಿಕೆಯಿಂದಲೇ. ದೊಡ್ಡವಳು ಗೆರೆ ಎಳೆದಳು, ಚಿಕ್ಕವನು ಮಲಗಿ ನೋಡಿದ, ನಡುವಿನವನು ಕಾರನ್ನು ನಡೆಸಿ ನೋಡಿದ. ಮೂವರಲ್ಲಿ ಒಬ್ಬರಿಲ್ಲದಿದ್ದರೂ ಹಾದಿ ಅರ್ಧಕ್ಕೇ ನಿಲ್ಲುತ್ತಿತ್ತು. ತರಗತಿಯಲ್ಲಿ ಇದನ್ನು ಮಾಡುವವರಿಗೆ ನನ್ನ ಸಲಹೆ: ನಾಲ್ಕಕ್ಕಿಂತ ಹೆಚ್ಚು ಮಕ್ಕಳನ್ನು ಒಂದು ಹಾದಿಗೆ ಹಾಕಬೇಡಿ, ಕಾರು ಬಿಡುವ ಕೆಲಸ ಸರದಿಯಲ್ಲಿ ತಿರುಗಲಿ, ಮತ್ತು ಕಾರು ಬಿದ್ದಾಗ ನೀವು ಕೈ ಹಾಕುವ ಮುನ್ನ ಎಲ್ಲಿ ಬಿತ್ತೆಂದು ಅವರಿಂದಲೇ ಗೆರೆ ಎಳೆಸಿ.

ರಜೆ ಮುಗಿಯುವಾಗ ಒಂದು ವ್ಯಾಜ್ಯ ಬಗೆಹರಿಯದೆ ಉಳಿಯಿತು. ಭಾರದ ಕಾರು ಹೆಚ್ಚು ದೂರ ಹೋಗುತ್ತದೆಯೇ? ಪ್ಲಾಸ್ಟಿಕ್ ಕಾರಿನ ಮೇಲೆ ನಾಣ್ಯಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ ಬಿಟ್ಟಾಗ ಒಮ್ಮೆ ಮುಂದೆ ಹೋಯಿತು, ಒಮ್ಮೆ ಹಿಂದುಳಿಯಿತು. ಹುಡುಗರಿಬ್ಬರೂ ಭಾರದ್ದೇ ಗೆಲ್ಲುತ್ತದೆ ಎನ್ನುತ್ತಾರೆ. ನಾಣ್ಯ ಕಟ್ಟಿದಾಗ ಚಕ್ರಕ್ಕೂ ಒತ್ತಡ ಬಿದ್ದಿರಬಹುದು, ಹಾಗಾಗಿ ಎರಡು ಸಂಗತಿ ಒಟ್ಟಿಗೆ ಬದಲಾಗಿವೆ ಎಂದು ಅಕ್ಕನ ತಕರಾರು. ದಸರಾ ರಜೆಗೆ ಬರುವಾಗ ಒಂದೇ ತರಹದ ಎರಡು ಕಾರುಗಳನ್ನು ತರುವುದು, ಅಂಗಡಿಯ ತಕ್ಕಡಿಯಲ್ಲಿ ತೂಗಿಸುವುದು, ನಾಣ್ಯವನ್ನು ನಡುಮಧ್ಯದಲ್ಲೇ ಅಂಟಿಸುವುದು ಎಂದು ಮೂವರೂ ಒಪ್ಪಿದ್ದಾರೆ. ಕಾರು ಕೊಳ್ಳುವ ದುಡ್ಡು ಈ ಸಲ ಅಕ್ಕನ ಕೈಯಲ್ಲಿದೆ.